ಎದುರಿನ ಕ್ಯಾಮರಾ

ಬೊನಿಫಾಸ ಒಂದು ಕೊಡೆ ಕೊಳ್ಳಬೇಕಾದರೂ ಕುಂಬಳೆ ಪೇಟೆಯ ಎಲ್ಲ ಅಂಗಡಿಗಳ ಮೆಟ್ಟಿಲು ಹತ್ತಿಳಿಯುವ ಮನುಷ್ಯ. ಕಡ್ಡಿ ಬಗ್ಗಿಸಿ ನೋಡಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಹಿಡಿಕೆ ತಿರುವಿ, ಅರ್ಧ ಮಳೆಗಾಲ ಕಳೆದ ಮೇಲೆ ಮೊದಲ ಅಂಗಡಿಯಲ್ಲಿ ನೋಡಿದ್ದನ್ನೇ ಮನೆಗೆ ತರುತ್ತಿದ್ದ. ಇಂಥವನ ಪಾಲಿಗೆ ಎರಡು ಸಾವಿರದ ಹದಿನೇಳರ ಈಸ್ಟರ್ ಕಳೆದ ವಾರ ಮಗಳಿಗೊಂದು ಸ್ಮಾರ್ಟ್‌ಫೋನು ಆರಿಸುವ ಕೆಲಸ ಬಂತು. ಇನ್ನು ಎರಡು ತಿಂಗಳು ಊಟಕ್ಕೆ ಕೂತಾಗ ಬೇರೆ ಮಾತಿಲ್ಲ ಎಂದು ಮನೆಯವರಿಗೆ ಆಗಲೇ ಗೊತ್ತಾಗಿಹೋಯಿತು.

ಪುತ್ತಿಗೆ ರಸ್ತೆಯಲ್ಲಿ ಅವನ ಮನೆ. ಮನೆಯ ಹಿಂದೆ ಬೋರ್ಮ, ಅಂದರೆ ಬ್ರೆಡ್ಡು ಬನ್ನು ಸುಡುವ ದೊಡ್ಡ ಒಲೆ ಮತ್ತು ಅದರ ಸುತ್ತ ಎಬ್ಬಿಸಿದ ಹಂಚಿನ ಮಾಡು. ಬೊನಿಫಾಸ ಸುಟ್ಟ ಬನ್ನು ರಸ್ಕುಗಳನ್ನು ಮಗ ಆನ್ಸನ್ ಸ್ಕೂಟರಿನಲ್ಲಿ ಹೇರಿಕೊಂಡು ಕುಂಬಳೆಯ ಚಹಾದ ಅಂಗಡಿಗಳಿಗೆ ಹಾಕಿ ಬರುತ್ತಿದ್ದ. ಹೆಂಡತಿ ಐರಿನ್ ಅಡುಗೆಮನೆಗೂ ಬೋರ್ಮಕ್ಕೂ ನಡುವೆ ದಿನವಿಡೀ ಓಡಾಡುತ್ತಿದ್ದಳು. ಹತ್ತೊಂಬತ್ತರ ಮಗಳು ಮೆಲಿಶಾ ರಸ್ಕು ಎಣಿಸಿ ಪೊಟ್ಟಣ ಕಟ್ಟುತ್ತಿದ್ದಳು. ಮೆಲಿಶಾಳಿಗೆ ಹುಟ್ಟಿದಾಗಿನಿಂದ ಕಿವಿ ಕೇಳುತ್ತಿರಲಿಲ್ಲ. ಅವಳ ಮಾತೆಲ್ಲ ಕೈಯಲ್ಲಿ. ಅಮ್ಮನಿಗೂ ಅಣ್ಣನಿಗೂ ಆ ಭಾಷೆ ನೀರು ಕುಡಿದಷ್ಟು ಸಲೀಸಾಗಿತ್ತು. ಅಪ್ಪನಿಗೆ ಬಾ, ಹೋಗು, ಊಟ, ಸಾಕು, ಮಳೆ ಎಂಬ ಐದಾರು ಸನ್ನೆಗಳು ಮಾತ್ರ ಬರುತ್ತಿದ್ದವು. ಉಳಿದದ್ದಕ್ಕೆ ಅವನು ಐರಿನ್‌ಳನ್ನು ಕೂಗುತ್ತಿದ್ದ.

ಈಗ ಮೆಲಿಶಾಳಿಗೆ ತ್ರಿಶ್ಶೂರಿನ ಕಡೆ ಕಿವುಡ ಮಕ್ಕಳಿಗೆಂದೇ ನಡೆಸುವ ಕಂಪ್ಯೂಟರ್ ಕೋರ್ಸಿನಲ್ಲಿ ಸೀಟು ಸಿಕ್ಕಿತ್ತು. ಜೂನಿನಲ್ಲಿ ಹಾಸ್ಟೆಲಿಗೆ ಹೋಗಬೇಕು. ಬರುವಾಗ ಒಂದು ಒಳ್ಳೆಯ ಮೊಬೈಲು ತರಬೇಕೆಂದು ಅಲ್ಲಿಯವರು ತಿಳಿಸಿದ್ದರು.

"ಮೊದಲು ಬೇಕಾದ್ದು ಬ್ಯಾಟರಿ," ಎಂದ ಬೊನಿಫಾಸ, ಗಂಜಿಯ ಬಟ್ಟಲಿಗೆ ಒಣಮೀನಿನ ಚಟ್ನಿ ಹಾಕಿಕೊಳ್ಳುತ್ತಾ. "ಮಳೆಗಾಲದಲ್ಲಿ ಕರೆಂಟಿನ ಅವಸ್ಥೆ ಗೊತ್ತುಂಟಲ್ಲ."

"ಕರೆಂಟು ಹೋಗುದು ಇಲ್ಲಿ ಪಪ್ಪ. ಅವಳು ಇರುದು ಅಲ್ಲಿ," ಎಂದ ಆನ್ಸನ್.

"ಅಲ್ಲಿ ಎಂತ ಮಳೆ ಬರುದಿಲ್ಲವಾ? ನೀನು ಸುಮ್ಮನಿರು. ಎರಡನೇದು ಸೌಂಡು. ಸೌಂಡು ಗಟ್ಟಿ ಇರ್ಬೇಕು. ಹಾಸ್ಟೆಲಿನ ಗಲಾಟೆಯಲ್ಲಿ ರಿಂಗಾದ್ರೆ ಕೇಳ್ಬೇಕಲ್ಲ."

ಮೇಜಿನ ಸುತ್ತ ಯಾರೂ ಮಾತಾಡಲಿಲ್ಲ. ಐರಿನ್ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟಳು.

"ಯಾರಿಗೆ ಕೇಳ್ಬೇಕು?"

ಬೊನಿಫಾಸನ ಮುಖ ಕೆಂಪಾಯಿತು. "ನಾನು ಹೇಳಿದ್ದು ಸಾಮಾನ್ಯಕ್ಕೆ. ಒಂದು ಮೊಬೈಲು ಅಂದ್ರೆ ಸೌಂಡು ಇರ್ಬೇಕಲ್ಲ ಅಂತ."

ಎಲ್ಲರೂ ಯಾಕೆ ಸುಮ್ಮನಾದರು ಎಂದು ಮೆಲಿಶಾ ಅಣ್ಣನನ್ನು ಕೇಳಿದಳು. ಆನ್ಸನ್ ಕೈಯಲ್ಲಿ ಹೇಳಿದ. ಅವಳು ಗಂಜಿ ನೆತ್ತಿಗೇರುವಷ್ಟು ನಕ್ಕಳು. ಅವಳ ನಗುವಿಗೆ ಕಡಿವಾಣವಿರಲಿಲ್ಲ, ಆಚೆ ಮನೆಗೂ ಕೇಳುತ್ತಿತ್ತು. ಮಗಳು ಬೇಜಾರು ಮಾಡಿಕೊಳ್ಳದೆ ನಕ್ಕದ್ದಕ್ಕೆ ಬೊನಿಫಾಸನಿಗೆ ಸಮಾಧಾನವಾಗಬೇಕಿತ್ತು. ಆದರೆ ಅಪ್ಪ ಹೀಗೆ ಅನ್ನುತ್ತಾನೆ ಎಂದು ಅವಳಿಗೆ ಮೊದಲೇ ಗೊತ್ತಿದ್ದ ಹಾಗಿತ್ತು ಆ ನಗು. ಅವನು ಬೇಗ ಉಂಡು ಎದ್ದ.

ಮರುದಿನ ಅವನು ತಮ್ಮ ಸೆವರಿನ್‌ನನ್ನು ಕರೆದುಕೊಂಡು ಪೇಟೆಗೆ ಹೋದ. ಪಕ್ಕದ ಮನೆಯ ಸೆವರಿನ್ ಕುವೈತಿನಲ್ಲಿ ಇದ್ದು ಬಂದವನು. ಆ ಒಂದೇ ಕಾರಣಕ್ಕೆ ಮಿಕ್ಸಿಯಿಂದ ಮೊಬೈಲಿನವರೆಗೆ ಎಲ್ಲದರಲ್ಲೂ ಅವನ ಮಾತೇ ಕೊನೆಯದು ಎಂದು ಕುಟುಂಬದಲ್ಲಿ ಒಪ್ಪಿಗೆಯಾಗಿತ್ತು. ಪ್ರೇಮನಾಥನ ಮೊಬೈಲು ಅಂಗಡಿಯಲ್ಲಿ ಇಬ್ಬರೂ ಸ್ಟೂಲು ಎಳೆದು ಕೂತರು.

"ಈ ರ‍್ಯಾಮ್ ರ‍್ಯಾಮ್ ಅಂತ ಹೇಳ್ತಾರಲ್ಲ, ಅದು ಎಂತದು ಮಾರಾಯ?" ಎಂದು ಕೇಳಿದ ಬೊನಿಫಾಸ.

ಪ್ರೇಮನಾಥನಿಗೆ ಗಿರಾಕಿಯ ಕಸುಬು ಗೊತ್ತಿತ್ತು. "ನಿಮ್ಮ ಬೋರ್ಮದಲ್ಲಿ ಹಿಟ್ಟು ನಾದುವ ಮೇಜು ಉಂಟಲ್ಲ ಬೊನಿಫಾಸಣ್ಣ, ಅದು ರ‍್ಯಾಮ್. ಮೇಜು ದೊಡ್ಡದಿದ್ರೆ ಒಟ್ಟಿಗೆ ಜಾಸ್ತಿ ಕೆಲಸ. ಮೈದಾ ಗೋಣಿ ಇಡುವ ಕೋಣೆ ಉಂಟಲ್ಲ, ಅದು ಸ್ಟೋರೇಜು."

"ಹಾಗೆ ಹೇಳು ಮತ್ತೆ!" ಬೊನಿಫಾಸನಿಗೆ ಖುಷಿಯಾಯಿತು. ಮೊಬೈಲಿನ ಗುಟ್ಟು ತನ್ನ ಕೈಗೆ ಸಿಕ್ಕಿತು ಎಂದೇ ಅವನಿಗೆ ಅನ್ನಿಸಿತು. ಅಂದಿನಿಂದ ಸಿಕ್ಕಸಿಕ್ಕವರಿಗೆಲ್ಲ ಮೇಜು ಮತ್ತು ಗೋಣಿಯ ಪಾಠ ಮಾಡತೊಡಗಿದ.

"ಅಣ್ಣಾ, ಹಿಂದಿನ ಕ್ಯಾಮರಾ ಹದಿನಾರು ಮೆಗಾ ಪಿಕ್ಸೆಲ್ ಬೇಕೇ ಬೇಕು," ಎಂದ ಸೆವರಿನ್. "ಕಡಿಮೆ ಆದ್ರೆ ಫೋಟೋ ನೋಡ್ಲಿಕ್ಕಾಗುದಿಲ್ಲ."

"ಮತ್ತೆ ಕನ್ನಡ ಬರ್ಬೇಕು. ಕನ್ನಡ ಬರ್ತದಾ ಇದ್ರಲ್ಲಿ?"

ಪ್ರೇಮನಾಥ ಒಂದು ದೊಡ್ಡ ಮೊಬೈಲು ತೆಗೆದು ಕನ್ನಡದ ಕೀಲಿಮಣೆ ತೋರಿಸಿದ. ಬೊನಿಫಾಸ ಒಂದೇ ಬೆರಳಿನಿಂದ ಮಗಳ ಹೆಸರನ್ನು ಒತ್ತಿದ. ಅಕ್ಷರಗಳು ಮೂಡಿದ್ದನ್ನು ಕಂಡು ಇದೇ ಆಗಬಹುದು ಎಂದುಕೊಂಡ. ಆದರೂ ಆ ದಿನ ಕೊಳ್ಳಲಿಲ್ಲ. ಇನ್ನೂ ಎರಡು ಅಂಗಡಿ ನೋಡದೆ ಕೊಳ್ಳುವ ಜಾತಿಯಲ್ಲ ಅವನದು.

ಮನೆಗೆ ಬಂದವನೇ ಅಂಗಳದಿಂದಲೇ ಕೂಗಿದ. "ಐರಿನ್, ಕನ್ನಡ ಬರ್ತದೆ! ಅವಳು ಅಲ್ಲಿಂದ ಬರೆದ್ರೆ ನಾನು ಇಲ್ಲಿ ಓದಬಹುದು."

ಐರಿನ್ ಬಟ್ಟೆ ಒಣಗಿಸುತ್ತಿದ್ದಳು. "ಮೊಬೈಲಿಗೆ ಕನ್ನಡ ಬಂದ್ರೆ ಸಾಕಾ? ಅವಳಿಗೆ ಬರುದು ಬೇಡವಾ?"

"ಅವಳಿಗೆ ಎಂತ..." ಎಂದು ಶುರುಮಾಡಿದವನು ಅಲ್ಲಿಗೇ ನಿಂತ.

ಗಂಡ ಹೆಂಡತಿ ಇಬ್ಬರೂ ಕಲಿತದ್ದು ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಕೊಂಕಣಿ, ಓದು ಬರಹ ಕನ್ನಡ. ಆದರೆ ಮೆಲಿಶಾ ಹನ್ನೆರಡು ವರ್ಷ ಬಸ್ಸಿನಲ್ಲಿ ಹೋಗಿ ಕಲಿತ ಕಾಸರಗೋಡಿನ ವಿಶೇಷ ಶಾಲೆಯಲ್ಲಿ ಎಲ್ಲವೂ ಮಲಯಾಳಂ. ಕನ್ನಡದ ಒಂದು ಅಕ್ಷರವೂ ಅವಳಿಗೆ ಗೊತ್ತಿಲ್ಲ. ಮಗಳ ಪರೀಕ್ಷೆಯ ಅಂಕಪಟ್ಟಿಗೆ ವರ್ಷ ವರ್ಷವೂ ಸಹಿ ಹಾಕಿದವನು ಬೊನಿಫಾಸನೇ. ಆದರೂ ಪೇಟೆಯಿಂದ ಮನೆಯವರೆಗೂ ಆ ಕನ್ನಡದ ಕೀಲಿಮಣೆಯನ್ನೇ ನೆನೆಯುತ್ತಾ ಬಂದಿದ್ದ.

"ಅವಳು ಮಲಯಾಳದಲ್ಲಿ ಬರೀಲಿ. ನಾನು ಓದ್ತೇನೆ," ಎಂದ, ಸೋಲೊಪ್ಪದೆ.

"ನೀವಾ? ಬಸ್ಸಿನ ಬೋರ್ಡು ಬಿಟ್ಟು ಬೇರೆ ಎಂತ ಓದ್ತೀರಿ?"

ಮೇ ತಿಂಗಳಿಡೀ ಇದೇ ಆಯಿತು. ಬೊನಿಫಾಸ ಬ್ಯಾಟರಿ ಬಿಡಲಿಲ್ಲ, ಸೆವರಿನ್ ಹಿಂದಿನ ಕ್ಯಾಮರಾ ಬಿಡಲಿಲ್ಲ. ಮೆಲಿಶಾ ಮಾತಾಡುವುದು ಕೈಯಲ್ಲಿ, ವಿಡಿಯೋ ಕರೆಗೆ ಬೇಕಾದ್ದು ಎದುರಿನ ಕ್ಯಾಮರಾ ಎಂದು ಆನ್ಸನ್ ಹೇಳಿದರೆ, "ಎದುರಿಂದು ಎಲ್ಲದರಲ್ಲೂ ಇರ್ತದೆ ಮಾರಾಯ" ಎಂದು ಚಿಕ್ಕಪ್ಪ ಅವನ ಬಾಯಿ ಮುಚ್ಚಿಸುತ್ತಿದ್ದ. ಮೊಬೈಲು ಯಾರಿಗೆಂದು ತರುವುದೋ ಅವಳು ಇವರ ಬಾಯಿಗಳನ್ನು ಒಂದರ ನಂತರ ಒಂದು ನೋಡುತ್ತಾ ಕೂತಿರುತ್ತಿದ್ದಳು. ಅಮ್ಮ ಹೇಳಿದಷ್ಟು ಅವಳಿಗೆ ಗೊತ್ತಾಗುತ್ತಿತ್ತು.

ಒಂದು ಬೆಳಿಗ್ಗೆ ಮೆಲಿಶಾ ತಾನೇ ಬೋರ್ಮಕ್ಕೆ ಬಂದು ಅಪ್ಪನ ಅಂಗಿ ಎಳೆದಳು. ಬೊನಿಫಾಸ ಒಲೆಯೊಳಗೆ ಉದ್ದದ ಸಲಿಕೆ ಹಾಕಿ ಬನ್ನಿನ ತಟ್ಟೆ ಹೊರತೆಗೆಯುತ್ತಿದ್ದ. ಅವಳು ಕೈಯನ್ನು ಮುಖದ ಮುಂದೆ ನಿಲ್ಲಿಸಿ, ಅದರ ಎದುರು ಇನ್ನೊಂದು ಕೈಯ ಬೆರಳುಗಳನ್ನು ಆಡಿಸಿ ಏನೋ ಹೇಳಿದಳು. ಆಮೇಲೆ ಅವನನ್ನೇ ತೋರಿಸಿದಳು.

"ಆಯ್ತು ಆಯ್ತು. ಮಮ್ಮಿಗೆ ಹೇಳು," ಎಂದ ಬೊನಿಫಾಸ, ಅಡುಗೆಮನೆಯ ಕಡೆ ಗಲ್ಲ ತೋರಿಸಿ. ಬನ್ನು ಕರಿಯಾಗುವುದರಲ್ಲಿತ್ತು. ಅವನು ಮತ್ತೆ ಒಲೆಗೆ ಮುಖ ಮಾಡಿದ. ತಟ್ಟೆಗಳನ್ನೆಲ್ಲ ತೆಗೆದು ತಿರುಗಿ ನೋಡಿದಾಗ ಅವಳು ಇರಲಿಲ್ಲ.

ಅಡುಗೆಮನೆಯ ಕಿಟಕಿಯಿಂದ ಐರಿನ್ ಇದನ್ನೆಲ್ಲ ನೋಡಿದ್ದಳು. ಸೆರಗಿಗೆ ಕೈ ಒರಸಿಕೊಂಡು ಬಂದಳು.

"ಅವಳು ಎಂತ ಹೇಳಿದ್ದು ಗೊತ್ತಾಯ್ತಾ?"

"ನಿನ್ನ ಹತ್ರ ಹೇಳಲಿಕ್ಕೆ ಹೇಳಿದೆನಲ್ಲ."

"ಹತ್ತೊಂಬತ್ತು ವರ್ಷ ಆಯ್ತು, ನಾನು ನಿಮ್ಮಿಬ್ಬರ ನಡುವೆ ಟಪಾಲು ಹೊತ್ತು. ಅವಳಿಗೆ ಜ್ವರ ಬಂದ್ರೆ ನಾನು ಹೇಳ್ಬೇಕು, ನಿಮಗೆ ಸಿಟ್ಟು ಬಂದ್ರೆ ನಾನು ಹೇಳ್ಬೇಕು. ಅವಳು ಹೋದ ಮೇಲೆ ಎಂತ ಮಾಡ್ತೀರಿ?"

"ನೀನು ಇರ್ತಿಯಲ್ಲ."

"ನಾನು ಇಲ್ಲದಿದ್ರೆ?"

"ಬೆಳಗಿನ ಜಾವ ಎದ್ದು ಒಲೆ ಹೊತ್ತಿಸುವವನಿಗೆ ಕೈ ಭಾಷೆ ಕಲೀಲಿಕ್ಕೆ ಪುರುಸೊತ್ತು ಎಲ್ಲಿಂದ ಬರ್ಬೇಕು ಐರಿನ್? ಈ ಒಲೆ ಉರಿದದ್ದಕ್ಕಲ್ಲವಾ ಅವಳು ಶಾಲೆಗೆ ಹೋದದ್ದು?"

"ಒಲೆ ನನಗೂ ಇತ್ತು. ನನಗೆ ಯಾರು ಕಲಿಸಿದ್ದು? ಅವಳೇ. ಶಾಲೆಯಿಂದ ದಿನಕ್ಕೊಂದು ಮಾತು ತಂದು ಕಲಿಸಿದಳು. ನಿಮ್ಮ ಹತ್ರವೂ ಬಂದಿದ್ದಳು, ಮರೆತು ಹೋಯ್ತಾ? ಕೈಯಲ್ಲಿ ಹಿಟ್ಟುಂಟು, ನಾಳೆ ಅಂತ ಹೇಳಿ ಕಳಿಸಿದ್ರಿ. ದಿನಾ ಹಿಟ್ಟೇ ಇತ್ತು ನಿಮ್ಮ ಕೈಯಲ್ಲಿ."

ಬೊನಿಫಾಸ ತಟ್ಟೆಯ ಬನ್ನುಗಳನ್ನು ಬುಟ್ಟಿಗೆ ಸುರಿಯತೊಡಗಿದ. ಹಿಟ್ಟು ನೆಪ ಎಂದು ಅವನಿಗೂ ಗೊತ್ತಿತ್ತು. ಮಗಳು ಏಳು ವರ್ಷದವಳಿದ್ದಾಗ ಕುಂಬಳೆ ಸ್ಟೇಶನ್ನಿನಲ್ಲಿ ಅವಳು ಕೈಯಾಡಿಸುವುದನ್ನು ಜನ ಸುತ್ತ ನಿಂತು ನೋಡಿದ್ದರು. ಅಂದು ಅವನಿಗೆ ನಾಚಿಕೆಯಾಗಿತ್ತು. ಆ ನಾಚಿಕೆ ಒಂದೆರಡು ವರ್ಷದಲ್ಲಿ ಹೋಯಿತು. ಅಷ್ಟರಲ್ಲಿ ಮಗಳು ತುಂಬಾ ಮುಂದೆ ಹೋಗಿದ್ದಳು. ಹೆಂಡತಿ ಮಗ ಸಲೀಸಾಗಿ ಆಡುವ ಮಾತನ್ನು ತಾನು ಒಂದನೇ ಕ್ಲಾಸಿನವನ ಹಾಗೆ ಕಲಿಯುವುದಕ್ಕೆ ಅವನಿಗೆ ಸಂಕೋಚವಾಯಿತು. ಹಾಗೆಯೇ ವರ್ಷಗಳು ಕಳೆದವು.

ಆ ಸಂಜೆ ಎಂದಿನಂತೆ ತೇರ್ಸಿಗೆ ಕೂತರು. ಜಪಮಾಲೆ ಹಿಡಿದು ದಿನವೂ ಮನೆಮಂದಿಯೆಲ್ಲ ಸೇರಿ ಮಾಡುವ ಪ್ರಾರ್ಥನೆ ಅದು. ಐದು ಪಾಲು, ಒಂದೊಂದು ಪಾಲನ್ನು ಒಬ್ಬೊಬ್ಬರು ನಡೆಸಬೇಕು, ಉಳಿದವರು ಉತ್ತರ ಹೇಳಬೇಕು. ನಾಲ್ಕನೆಯ ಪಾಲು ಮೆಲಿಶಾಳದ್ದು. ಅವಳು ದೀಪದ ಎದುರು ಕೈಯಲ್ಲಿ ನಮೋ ಮರಿಯೆ ಹೇಳುವಳು, ಅಮ್ಮನೂ ಅಣ್ಣನೂ ಅವಳ ಕೈ ನೋಡುತ್ತಾ ಬಾಯಲ್ಲಿ ಉತ್ತರ ಕೊಡುವರು. ಬೊನಿಫಾಸ ಭಕ್ತ, ಕಣ್ಣು ಮುಚ್ಚದೆ ಪ್ರಾರ್ಥನೆ ಮಾಡಿದವನಲ್ಲ. ಐರಿನ್‌ಳ ಸ್ವರ ಕೇಳಿದಾಗ ಅವನ ಸ್ವರವೂ ಸೇರುತ್ತಿತ್ತು.

ಮೇ ಕೊನೆಯ ಶನಿವಾರ ನಾಲ್ವರೂ ಪ್ರೇಮನಾಥನ ಅಂಗಡಿಗೆ ಹೋದರು. ಬೊನಿಫಾಸ ಕೊನೆಗೂ ಒಂದನ್ನು ಆರಿಸಿದ್ದ, ಅದೇ ಮೊದಲ ದಿನ ನೋಡಿದ್ದನ್ನೇ. ದೊಡ್ಡ ಬ್ಯಾಟರಿ, ಅಗಲದ ಮೇಜು, ಗೋಣಿ ಇಡಲು ಬೇಕಾದಷ್ಟು ಜಾಗ. ಮಗಳು ನಾಲ್ಕು ಜನರ ಮುಂದೆ ತಲೆಯೆತ್ತಿ ಹಿಡಿಯುವ ಮೊಬೈಲು ಆಗಬೇಕೆಂದು, ಮೊದಲು ಅಂದುಕೊಂಡದ್ದಕ್ಕಿಂತ ಹೆಚ್ಚಿನ ಬೆಲೆಯದ್ದಕ್ಕೇ ಮನಸ್ಸು ಮಾಡಿದ್ದ. ಅದರಲ್ಲಿ ಜಿಪುಣತನ ಇರಲಿಲ್ಲ.

ಮೆಲಿಶಾ ಅದನ್ನು ಕೈಗೆ ತೆಗೆದುಕೊಂಡು ಪ್ರೇಮನಾಥನ ಕ್ಯಾಲ್ಕುಲೇಟರಿಗೆ ಒರಗಿಸಿ ನಿಲ್ಲಿಸಿದಳು. ಎದುರಿನ ಕ್ಯಾಮರಾ ತೆರೆದು, ಎರಡು ಹೆಜ್ಜೆ ಹಿಂದೆ ಸರಿದು, ಕಪಾಟಿನ ನೆರಳಲ್ಲಿ ನಿಂತು ಎರಡೂ ಕೈಗಳಿಂದ ಏನೇನೋ ಆಡಿದಳು. ತೆರೆಯಲ್ಲಿ ಅವಳ ಬೆರಳುಗಳು ಹೊಗೆಯ ಹಾಗೆ ಒಂದರೊಳಗೊಂದು ಕಲಸಿಹೋದವು. ಅವಳು ತಲೆಯಲ್ಲಾಡಿಸಿದಳು. ಆಮೇಲೆ ಗಾಜಿನೊಳಗಿನಿಂದ ಇನ್ನೊಂದು ತೆಗೆಸಿದಳು, ಮತ್ತೊಂದು ತೆಗೆಸಿದಳು. ನಾಲ್ಕನೆಯದರಲ್ಲಿ ಬೆರಳುಗಳು ಬಿಡಿಬಿಡಿಯಾಗಿ ಕಂಡವು. ಅದನ್ನು ಅಂಗೈಯಲ್ಲಿಟ್ಟು ನಡುಗಿಸಿ ನೋಡಿದಳು. ಕರೆ ಬಂದಾಗ ದಿಂಬಿನ ಅಡಿಯಿಂದಲೂ ಎಬ್ಬಿಸುವಷ್ಟು ನಡುಗುತ್ತಿತ್ತು. ಅದನ್ನೇ ಎದೆಗೆ ಒತ್ತಿ ಹಿಡಿದಳು.

"ಅದು ಬೇಡ, ಅದು ಸಾದಾ," ಎಂದ ಬೊನಿಫಾಸ. "ಪ್ರೇಮನಾಥ, ನೀನು ಹೇಳು. ಅದರ ಅರ್ಧ ಬೆಲೆಯದ್ದು ಅಲ್ಲವಾ ಇದು?"

ಮೆಲಿಶಾ ಅಪ್ಪನ ಮುಖದ ಮುಂದೆ ಎರಡು ಬೆರಳು ಎತ್ತಿದಳು.

"ಎಂತದು ಎರಡು?"

"ಇಂಥಾದ್ದು ಎರಡು ತೆಗೀಬೇಕಂತೆ," ಎಂದಳು ಐರಿನ್. ಅವಳ ಮುಖ ಅರಳಿತು. ಮಗಳ ಕಡೆ ತಿರುಗಿ ಕೈಯಲ್ಲಿಯೂ ಬಾಯಲ್ಲಿಯೂ ಒಟ್ಟಿಗೆ ಹೇಳಿದಳು. "ನನಗೆ ಬೇಡ ಮೆಲಿ. ಆನ್ಸನಿನ ಮೊಬೈಲು ಉಂಟಲ್ಲ, ಸಂಜೆ ಅದರಲ್ಲಿ ಮಾತಾಡುವ."

ಮೆಲಿಶಾ ಅಲ್ಲ ಎಂದಳು. ಅಮ್ಮನಿಗಲ್ಲ. ಅವಳ ಬೆರಳು ಬೊನಿಫಾಸನ ಎದೆಗೆ ತಾಗಿತು.

"ನನಗಾ? ನನಗೆ ಎಂತಕೆ? ನನ್ನದು ಉಂಟಲ್ಲ." ಅವನು ಜೇಬಿನಿಂದ ತನ್ನ ಹಳೆಯ ಬಟನ್ ಫೋನು ತೆಗೆದು ತೋರಿಸಿದ.

ಆಗ ಮೆಲಿಶಾ ಮಾತಾಡಿದಳು. ಬೇಗ ಬೇಗ, ನಿಲ್ಲಿಸದೆ. ಆನ್ಸನ್ ಸ್ವಲ್ಪ ನೋಡಿ ಹೊರಗೆ ರಸ್ತೆಯ ಕಡೆ ತಿರುಗಿಕೊಂಡ. ಐರಿನ್ ಕೊನೆಯವರೆಗೆ ನೋಡಿದಳು.

"ಎಂತ ಹೇಳ್ತಾಳೆ?"

"ಮನೆಗೆ ಹೋಗಿ ಹೇಳ್ತೇನೆ."

"ಈಗ ಹೇಳು. ನನ್ನ ವಿಷಯ ಅಲ್ಲವಾ ಹೇಳುದು?"

ಐರಿನ್ ಅವನ ಕಡೆ ನೋಡದೆ, ಗಾಜಿನ ಮೇಲೆ ಕೈಯಿಟ್ಟು ಹೇಳಿದಳು. "ಮನೆಯಲ್ಲಿ ಪಪ್ಪ ನನ್ನನ್ನು ನೋಡುದೇ ಇಲ್ಲ, ಒಲೆ ನೋಡ್ತಾರೆ ಅಂತ ಹೇಳ್ತಾಳೆ. ತೇರ್ಸಿನಲ್ಲಿ ಅವಳ ಪಾಲು ಬಂದಾಗ ಕಣ್ಣು ಮುಚ್ತಾರಂತೆ. ಮೊಬೈಲಿನಲ್ಲಿ ಮಾತಾಡುದಾದ್ರೆ ಅವಳನ್ನು ನೋಡ್ಲೇ ಬೇಕಲ್ಲ, ಅದಕ್ಕೆ ಒಂದು ನಿಮಗೆ ಅಂತೆ."

ಪ್ರೇಮನಾಥ ಒರಸಿದ ಗಾಜನ್ನೇ ಮತ್ತೆ ಒರಸತೊಡಗಿದ. ಬೊನಿಫಾಸನಿಗೆ ಕಿವಿಯಿಂದ ಬಿಸಿ ಹೊರಟಿತು. ನಾಲ್ಕು ಜನ ಓಡಾಡುವ ಅಂಗಡಿಯಲ್ಲಿ ಹೀಗೆ ಹೇಳಿಸಿಕೊಂಡದ್ದಕ್ಕೆ ಮೊದಲು ಸಿಟ್ಟು ಬಂತು. ಸುಳ್ಳು ಎಂದು ಕೂಗಲು ಬಾಯಿ ತೆರೆದ. ಮಗಳು ಅವನ ಬಾಯಿಯನ್ನೇ ನೋಡುತ್ತಿದ್ದಳು, ಅದರಿಂದ ಏನು ಬರುತ್ತದೆ ಎಂದು ಕಾಯುತ್ತಾ. ಅವನು ಬಾಯಿ ಮುಚ್ಚಿದ.

"ಎರಡು ಕಟ್ಟು," ಎಂದು ಪ್ರೇಮನಾಥನಿಗೆ ಹೇಳಿ ಮೆಟ್ಟಿಲಿಳಿದು ಹೋದ.

ಕೊಂಡದ್ದೇನೋ ಆಯಿತು. ಆದರೆ ಅವನ ಮೊಬೈಲು ಪೆಟ್ಟಿಗೆಯ ಸಮೇತ ಕಪಾಟಿನ ಮೇಲೆ ಹೋಗಿ ಕೂತಿತು. ಮೆಲಿಶಾ ಹೊರಡುವ ಮೊದಲು ಅದಕ್ಕೆ ಸಿಮ್ಮು ಹಾಕಿ, ತನ್ನ ಫೋಟೋ ಒತ್ತಿದರೆ ತನಗೇ ಕರೆ ಹೋಗುವ ಹಾಗೆ ಮಾಡಿಟ್ಟಳು. ಜೂನ್ ಮೊದಲ ವಾರ ರೈಲು ಹತ್ತಿಸಲು ಬೊನಿಫಾಸನೂ ಹೋದ. ರಸ್ಕಿನ ಡಬ್ಬಿ ಕೈಗೆ ಕೊಟ್ಟು "ಜಾಗ್ರತೆ" ಎಂದ. ಅವಳು ಆಗ ರೈಲಿನ ಮೆಟ್ಟಿಲು ನೋಡುತ್ತಿದ್ದಳು. ಐರಿನ್‌ಳೂ ಆನ್ಸನ್‌ನೂ ಅವಳನ್ನು ಬಿಟ್ಟು ಬರಲು ಜೊತೆಗೆ ಹತ್ತಿದರು.

ಮಳೆ ಹಿಡಿಯಿತು. ದಿನವೂ ಊಟವಾದ ಮೇಲೆ ಆನ್ಸನಿನ ಮೊಬೈಲಿಗೆ ಮೆಲಿಶಾಳ ಕರೆ ಬರುತ್ತಿತ್ತು. ಐರಿನ್ ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು ಕೈಯಾಡಿಸುತ್ತಾ ಕೂರುವಳು. ಆನ್ಸನ್ ನಡುನಡುವೆ ತಲೆ ಹಾಕುವನು. ಬೊನಿಫಾಸ ಬಾಗಿಲಲ್ಲಿ ನಿಂತು, "ಎಂತ ಹೇಳ್ತಾಳೆ? ಊಟ ಸರಿ ಉಂಟಂತಾ?" ಎಂದು ಕೇಳುವನು. "ಉಂಟಂತೆ" ಎಂದು ಐರಿನ್ ತಿರುಗದೆ ಹೇಳುವಳು. ಕೆಲವೊಮ್ಮೆ ಕಪಾಟಿನ ಮೇಲಿನ ಪೆಟ್ಟಿಗೆಯೂ ಗುರ್ರೆಂದು ನಡುಗುತ್ತಿತ್ತು. ಎರಡನೆಯ ವಾರಕ್ಕೆ ಚಾರ್ಜು ಮುಗಿದು ಅದೂ ನಿಂತಿತು.

"ತೆಗೆದು ಮಾತಾಡಿದ್ರೆ ಎಂತ ಪಪ್ಪ?" ಎಂದ ಆನ್ಸನ್.

"ಎಂತ ಮಾತಾಡುದು? ಬಾ, ಹೋಗು, ಸಾಕು ಅಂತ ಹೇಳುದಾ?"

"ಅದನ್ನೇ ಹೇಳಿ. ಅವಳಿಗೆ ಅಷ್ಟೇ ಸಾಕು."

"ನಿನಗೆ ಗೊತ್ತಾಗುದಿಲ್ಲ ಬಿಡು," ಎಂದು ಬೊನಿಫಾಸ ಎದ್ದು ಹೋದ.

ಮೆಲಿಶಾ ಹೋದಂದಿನಿಂದ ತೇರ್ಸಿನ ನಾಲ್ಕನೆಯ ಪಾಲನ್ನೂ ಐರಿನ್‌ಳೇ ಹೇಳುತ್ತಿದ್ದಳು. ಜುಲೈಯ ಒಂದು ಸಂಜೆ ಅವಳಿಗೆ ಗಂಟಲು ಕಟ್ಟಿತ್ತು. ಮೂರನೆಯ ಪಾಲು ಮುಗಿದ ಮೇಲೆ ಆನ್ಸನ್ ಹೇಳಲಿ ಎಂದು ಐರಿನ್, ಅಮ್ಮ ಹೇಳಲಿ ಎಂದು ಆನ್ಸನ್ ಸುಮ್ಮನಿದ್ದರು. ಬೊನಿಫಾಸ ಕಣ್ಣು ಮುಚ್ಚಿಕೊಂಡೇ ಹೆಂಡತಿಯ ಸ್ವರಕ್ಕೆ ಕಾದ. ಸ್ವರ ಬರಲಿಲ್ಲ. ಮಗಳು ಹೇಳುತ್ತಿದ್ದಾಳೆ, ಐರಿನ್ ಇನ್ನೇನು ಉತ್ತರ ಕೊಡುತ್ತಾಳೆ ಎಂದು ಅವನು ಒಂದು ಗಳಿಗೆ ನಿಜವಾಗಿ ನಂಬಿದ್ದ. ಕಣ್ಣು ತೆರೆದ. ದೀಪದ ಎದುರು ಚಾಪೆಯ ಆ ತುದಿ ಖಾಲಿ ಇತ್ತು. ಅವಳು ಆ ಪ್ರಾರ್ಥನೆಯನ್ನು ಕೈಯಲ್ಲಿ ಹೇಗೆ ಹೇಳುತ್ತಿದ್ದಳು ಎಂದು ನೆನಪು ಮಾಡಿಕೊಳ್ಳಲು ಹೋದರೆ, ನೆನಪಿಗೆ ಏನೂ ಬರಲಿಲ್ಲ. ಇಷ್ಟು ವರ್ಷ ಅದೇ ಚಾಪೆಯಲ್ಲಿ ಕೂತು ಅವನು ಅದನ್ನು ಒಮ್ಮೆಯೂ ಕಂಡಿರಲಿಲ್ಲ. ಬೊನಿಫಾಸನಿಗೆ ಅಳು ಬಂತು. ನಾಲ್ಕನೆಯ ಪಾಲನ್ನು ತಾನೇ ಹೇಳಿ ಮುಗಿಸಿದ.

ಬೆಳಿಗ್ಗೆ ಐರಿನ್ ನೋಡುವಾಗ ಕಪಾಟಿನ ಮೇಲೆ ಬರೀ ಪೆಟ್ಟಿಗೆ ಇತ್ತು. ಮೊಬೈಲು ಬೋರ್ಮದ ಗೋಡೆಯ ಪ್ಲಗ್ಗಿನಲ್ಲಿ ಚಾರ್ಜಿಗೆ ತೂಗುತ್ತಿತ್ತು. ಅವಳು ಕಂಡರೂ ಕಾಣದ ಹಾಗೆ ಇದ್ದಳು.

ಅದು ನಡುಗಿದ್ದು ಎರಡು ದಿನ ಕಳೆದು, ಭಾನುವಾರ ಮಧ್ಯಾಹ್ನ. ಐರಿನ್ ಸೆವರಿನ್‌ನ ಮನೆಗೆ ಹೋಗಿದ್ದಳು, ಆನ್ಸನ್ ಪೇಟೆಯಲ್ಲಿದ್ದ. ಬೊನಿಫಾಸ ಮರುದಿನದ ಬನ್ನಿಗೆ ಹಿಟ್ಟು ನಾದಿ, ಉಬ್ಬಲು ಒದ್ದೆ ಬಟ್ಟೆ ಮುಚ್ಚಿಟ್ಟಿದ್ದ. ಓಡಿಹೋಗಿ ಮೊಬೈಲು ತೆಗೆದು, ಹಸಿರು ಕಂಡಲ್ಲಿ ಒತ್ತಿದ. ಮಗಳ ಮುಖ ಬಂತು. ಅವಳಿಗೆ ಮಾತ್ರ ಇಲ್ಲಿಯ ಹಂಚು ಕಾಣುತ್ತಿದ್ದಿರಬೇಕು, ಕೆಳಗೆ ಕೆಳಗೆ ಎಂದು ಕೈ ಮಾಡಿದಳು. ಅವನು ಇಳಿಸಿದ. ಈಗ ಅವನ ಹಣೆ ಕಂಡಿತು. ಅವಳು ಬಿದ್ದು ಬಿದ್ದು ನಕ್ಕಳು. ಕೊನೆಗೆ ಅವನು ಅದನ್ನು ಬ್ರೆಡ್ಡಿನ ಡಬ್ಬಕ್ಕೆ ಒರಗಿಸಿ, ಸ್ಟೂಲು ಎಳೆದು ಎದುರು ಕೂತ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಗಳ ಹುಬ್ಬಿನ ಮೇಲೆ ಒಂದು ಸಣ್ಣ ಮಚ್ಚೆ ಇರುವುದನ್ನು ಅವನು ಆಗ ಕಂಡ.

ಮೆಲಿಶಾ ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಕೇಳಿದಳು. ಊಟ ಎಂಬುದು ಅವನಿಗೆ ಗೊತ್ತಿತ್ತು. ಅದರ ಮುಂದಿನದ್ದು ಗೊತ್ತಾಗಲಿಲ್ಲ. ಅಭ್ಯಾಸಬಲದಿಂದ "ಐರಿನ್" ಎಂದು ಕೂಗಿದ. ಯಾರೂ ಇರಲಿಲ್ಲ. ಬೇರೆ ದಾರಿ ಕಾಣದೆ ಅವನು ಅಂಗೈ ಮೇಲೆ ಮಾಡಿ, ಎಂತ ಎಂದು ಕೈಯಲ್ಲೇ ಕೇಳಿದ. ಅವಳು ಮತ್ತೆ ಹೇಳಿದಳು. ಅವನು ಮತ್ತೆ ಕೇಳಿದ. ಇನ್ನೊಮ್ಮೆ ಹೇಳಿದಾಗ ಹೊಳೆಯಿತು. ಊಟಕ್ಕೆ ಏನಿತ್ತು ಎಂದು ಕೇಳುತ್ತಿದ್ದಾಳೆ!

ಅವನು ಅಡುಗೆಮನೆಗೆ ಹೋಗಿ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಬಂದು ಮೊಬೈಲಿಗೆ ತೋರಿಸಿದ. ಹಲಸಿನ ಬೀಜ ಮತ್ತು ಒಣ ಸಿಗಡಿಯ ಸಾರು. ಮೆಲಿಶಾ ತಲೆಯಲ್ಲಾಡಿಸಿದಳು. ತೋರಿಸುವುದಲ್ಲ, ಹೇಳು ಎಂದು ತನ್ನ ಎರಡೂ ಕೈ ಎತ್ತಿ ತೋರಿಸಿದಳು. ಬೊನಿಫಾಸ ಪಾತ್ರೆ ಕೆಳಗಿಟ್ಟ. ತೋರುಬೆರಳನ್ನು ಕೊಕ್ಕೆಯ ಹಾಗೆ ಬಗ್ಗಿಸಿ ನೀರಿನಲ್ಲಿ ಜಿಗಿದ ಹಾಗೆ ಮಾಡಿದ. ಸಿಗಡಿ ಎಂದು ಅವಳಿಗೆ ತಿಳಿಯಿತು. ಹಲಸಿನ ಬೀಜಕ್ಕೆ ಬಂದಾಗ ಮಾತ್ರ ಅವನ ಅವಸ್ಥೆ ನೋಡಬೇಕಿತ್ತು. ಎರಡು ತೋಳುಗಳಲ್ಲಿ ದೊಡ್ಡ ಹಣ್ಣು ಹೊತ್ತ, ಕೊಯ್ದ, ಮೇಣ ಅಂಟಿಸಿಕೊಂಡ, ತೊಳೆ ಬಿಡಿಸಿದ, ಬೀಜ ತೆಗೆದು ಎತ್ತಿ ಹಿಡಿದ. ಅವಳು ಕಣ್ಣು ಒರಸಿಕೊಳ್ಳುತ್ತಾ ಅದರ ಸರಿಯಾದ ಸನ್ನೆ ಕಲಿಸಿದಳು. ಅವನು ಮಾಡಿದ. ತಪ್ಪಿತು. ಮತ್ತೆ ಮಾಡಿದ.

ಐರಿನ್ ಮನೆಗೆ ಬಂದಾಗ ಮಗಳ ನಗು ಬೋರ್ಮದಿಂದ ಕೇಳುತ್ತಿತ್ತು. ಅವಳು ಹೋಗಿ ಗಂಡನ ಹಿಂದೆ ನಿಂತಳು. ಅಮ್ಮನನ್ನು ಕಂಡದ್ದೇ ಮೆಲಿಶಾಳ ಕೈಗಳು ಚುರುಕಾಗಿ ಏನೋ ಹೇಳಿದವು. ಐರಿನ್ ನಕ್ಕಳು, ಕಣ್ಣಲ್ಲಿ ನೀರೂ ಬಂತು.

"ಎಂತ ಹೇಳಿದಳು?"

"ನನ್ನನ್ನು ಆಚೆ ಹೋಗು ಅಂತ ಹೇಳ್ತಾಳೆ. ಇದು ಪಪ್ಪನ ಫೋನಂತೆ, ನಡುವೆ ಬರ್ಬಾರದಂತೆ." ಅವಳು ಸಾರಿನ ಪಾತ್ರೆ ಎತ್ತಿಕೊಂಡು ಹೊರಗೆ ಹೋಗಿ ಬೋರ್ಮದ ಬಾಗಿಲು ಎಳೆದುಕೊಂಡಳು.

ಅಷ್ಟು ಹೊತ್ತು ಒದ್ದೆ ಬಟ್ಟೆಯ ಅಡಿ ಹಿಟ್ಟು ಉಬ್ಬುತ್ತಲೇ ಇತ್ತು. ಸೋಮವಾರ ಆನ್ಸನ್ ಚಹಾದ ಅಂಗಡಿಗಳಿಂದ ಅರ್ಧ ಬುಟ್ಟಿ ಬನ್ನು ವಾಪಸು ತಂದ. "ಹುಳಿ ಅಂತ ಹೇಳ್ತಾರೆ ಪಪ್ಪ. ಒಬ್ಬ ಗಿರಾಕಿ ಅಲ್ಲೇ ಉಗುಳಿದನಂತೆ."

ಬನ್ನು ವಾಪಸು ಬಂದ ದಿನ ಬೊನಿಫಾಸನ ಬೊಬ್ಬೆ ರಸ್ತೆಗೆ ಕೇಳುವುದು ವಾಡಿಕೆ. ಐರಿನ್ ಅದಕ್ಕೆ ತಯಾರಾಗಿಯೇ ಬಾಗಿಲಿಗೆ ಬಂದಳು. ಅವನು ಬುಟ್ಟಿಯಿಂದ ಒಂದು ಬನ್ನು ತೆಗೆದು ಮುರಿದು ತಿಂದ, ಮುಖ ಹಿಂಡಿದ, ಉಳಿದರ್ಧವನ್ನೂ ತಿಂದ. ಆಮೇಲೆ ಹೆಂಡತಿಯ ಕಡೆ ತಿರುಗಿದ.

"ಹುಳಿ ಅಂತ ಕೈಯಲ್ಲಿ ಹೇಗೆ ಹೇಳುದು?"

"ಅವಳನ್ನೇ ಕೇಳಿ," ಎಂದಳು ಐರಿನ್.

ಬೊನಿಫಾಸ ಗೋಡೆಯ ಗಡಿಯಾರ ನೋಡಿದ. ಅವಳ ಕ್ಲಾಸು ಬಿಡಲು ಇನ್ನೂ ತುಂಬಾ ಹೊತ್ತಿತ್ತು.